ಪಂಚಾಂಗ ನೋಡದೆ ಹೇಳಿದ ವೇಳೆ

ಮೂಡಲಗಿ,
ಪ್ರಭವ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ, ಸೋಮವಾರ
ತಾ. ೧೪ ನವೆಂಬರ್ ೧೯೨೭

ಚಿರಂಜೀವಿ ಸೋಮಪ್ಪಾ,

ನಿನ್ನ ತಂದೆಯ ಆಶೀರ್ವಾದ ಈಗ ನಿನಗೆ ಬೇಕೋ ಬೇಡವೋ ನನಗೆ ತಿಳಿಯದು. ಬೇಡವಾದರೂ ತಂದೆಯಾದವನು ಮೊದಲು ಬರೆಯುವುದು ಅದನ್ನೇ. ತೆಗೆದುಕೊಳ್ಳುವುದು ಬಿಡುವುದು ನಿನ್ನ ಇಚ್ಛೆ. ಮೈ ಹೇಗಿದೆ? ಘೋಡಗೇರಿ ಕಡೆ ಕಾರ್ತಿಕದ ಥಂಡಿ ಎಲುಬಿಗೆ ಇಳಿಯುತ್ತದೆ ಎಂದು ಕೇಳಿದ್ದೇನೆ. ಚಿಕ್ಕಂದಿನಿಂದಲೂ ಈ ತಿಂಗಳಲ್ಲಿ ನಿನ್ನ ಎದೆ ಕಟ್ಟುತ್ತಿತ್ತು, ನಿನ್ನ ತಾಯಿ ಬೆಚ್ಚಗಿನ ಎಣ್ಣೆ ತಿಕ್ಕಿ ಮಲಗಿಸುತ್ತಿದ್ದಳು. ಅಲ್ಲಿ ತಿಕ್ಕುವವರು ಯಾರು? ರೊಟ್ಟಿ ನೀನೇ ಬಡಿದುಕೊಳ್ಳುತ್ತೀಯೋ, ಯಾರ ಮನೆಯಲ್ಲಾದರೂ ಊಟದ ವ್ಯವಸ್ಥೆ ಮಾಡಿಕೊಂಡಿದ್ದೀಯೋ? ಸಾಲಿಯ ಮಕ್ಕಳು ಹೇಗಿದ್ದಾರೆ? ಸಣ್ಣ ಮಕ್ಕಳನ್ನು ಬೆತ್ತದಿಂದ ಮುಟ್ಟಬೇಡ. ಮೂವತ್ತೆರಡು ವರ್ಷ ಮುಟ್ಟಿದವನು ನಾನೇ ಹೇಳುತ್ತಿದ್ದೇನೆ, ಅದರಿಂದ ಒಬ್ಬನಿಗೂ ಮಗ್ಗಿ ಬಾಯಿಗೆ ಬಂದದ್ದಿಲ್ಲ. ಇಲ್ಲಿ ನಿನ್ನ ತಂಗಿ ಇಂದ್ರವ್ವ ಮೂರನೆಯ ಪುಸ್ತಕ ಮುಗಿಸಿದಳು. ಕೆಂಪು ಆಕಳು ದೀಪಾವಳಿಯ ಮರುದಿನ ಹೆಣ್ಣುಗರು ಹಾಕಿತು. ಹೊಲದಲ್ಲಿ ಜೋಳ ಮೊಣಕಾಲೆತ್ತರ ಬಂದಿದೆ.

ಈ ಪತ್ರವನ್ನು ನಾನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ಮೊದಲನೆಯದು ಬಹಳ ಚೆನ್ನಾಗಿತ್ತು, ಅದಕ್ಕೇ ಹರಿದೆ. ಅದರಲ್ಲಿ ಎರಡು ಶ್ಲೋಕ, ಮೂರು ದೃಷ್ಟಾಂತ ಇದ್ದವು. ಓದಿದವರು ಬರೆದವನನ್ನು ಹೊಗಳಬೇಕು, ಹಾಗಿತ್ತು. ಈ ಸಲ ದೃಷ್ಟಾಂತ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವ ಸಂಗತಿಯನ್ನೂ ಮತ್ತೆ ಬರೆಯುತ್ತೇನೆ, ಬೇಸರ ಪಡಬೇಡ, ಏಕೆಂದರೆ ಅದರ ಒಳಗಿನ ಮಗ್ಗುಲು ನಿನಗೆ ಗೊತ್ತಿಲ್ಲ.

ಹೋದ ವರ್ಷದ ಆಷಾಢದ ಆ ಸೋಮವಾರ ಸಂಜೆ ನೆನಪಿದೆಯೇ? ಮಠದಲ್ಲಿ ಎಂದಿನಂತೆ ನಾನು ಪುರಾಣ ಹೇಳುತ್ತಿದ್ದೆ. ಕಾಡಿನಲ್ಲಿ ದಾರಿ ತಪ್ಪಿದ ಶರಣನೊಬ್ಬನನ್ನು ಶಿವನು ಕುರಿ ಕಾಯುವವನ ವೇಷದಲ್ಲಿ ಬಂದು ಕೈಹಿಡಿದು ಊರು ಮುಟ್ಟಿಸಿದ ಕಥೆ. ಅದನ್ನು ಓದಿ ನಾನು ನನ್ನ ಅರ್ಥ ಹೇಳಿದೆ. ರೆಪ್ಪೆ ಕಣ್ಣನ್ನು ಕಾಯುವ ಹಾಗೆ ಶಿವ ತನ್ನವರನ್ನು ಕಾಯುತ್ತಾನೆ, ಯಾರಿಗಾದರೂ ಕೇಡು ಬಂತೆಂದರೆ ಅವರ ಭಕ್ತಿಯಲ್ಲಿ ಎಲ್ಲಿಯೋ ಬಿರುಕು ಇದೆಯೆಂದು ತಿಳಿಯಿರಿ, ಎಂದೆ. ನೀನು ಕಂಬದ ಹತ್ತಿರ ಮಾಲಿಂಗಪ್ಪನ ಜೊತೆ ಕೂತಿದ್ದವನು ಎದ್ದು ನಿಂತೆ. "ಅಪ್ಪಾ, ಗ್ರಂಥದಾಗ ಕಾಯ್ತಾನ ಅಂತ ಅಷ್ಟ ಐತಿ. ಬಿರುಕಿನ ಮಾತು ನೀವು ಸೇರಿಸಿದ್ದು. ಪ್ಲೇಗಿನಾಗ ನಮ್ಮ ಓಣಿಯೊಳಗ ಹದಿನೇಳು ಮಂದಿ ಸತ್ರಲ್ಲ, ಅವರ ಭಕ್ತಿಯೊಳಗೂ ಬಿರುಕಿತ್ತೇನು?" ಎಂದೆ. ಆ ಹದಿನೇಳರಲ್ಲಿ ನನ್ನ ತಾಯಿಯೂ ಒಬ್ಬಳು. ನಾನು ಗ್ರಂಥದ ಹಾಳೆ ತಿರುವಿದೆ. ಮಠದ ಹಿರಿಯ, ಹತ್ತಿ ವ್ಯಾಪಾರದ ಪರಪ್ಪ, ನಕ್ಕು "ಮಾಸ್ತರ್ರ, ಹೋರಿಗೆ ಕೋಡ ಬಂದಾವ" ಎಂದ. ಜನ ನಕ್ಕರು. ಕೆಟ್ಟ ನಗೆಯಲ್ಲ ಅದು, ಮನೆಯವರು ನಗುವಂಥ ನಗೆ. ಆದರೆ ನನ್ನ ಎದೆಯಲ್ಲಿ ಅದು ಮುಳ್ಳಿನ ಹಾಗೆ ಕೂತಿತು.

ಮರುದಿನ ಬೆಳಿಗ್ಗೆ ನೀನು ಮಾಲಿಂಗಪ್ಪನ ಜೊತೆ ಹೊಳೆ ದಾಟಿ ಮೇಲವಂಕಿಗೆ ಹೊರಟಿದ್ದೆ. ಅವನ ಹೆಂಡತಿ ಬಾಳವ್ವ ತವರಿನಲ್ಲಿ ಹಡೆದು ಹನ್ನೆರಡು ದಿನವಾಗಿತ್ತು, ಮಗುವಿಗೆ ಹೆಸರಿಡುವುದಿತ್ತು. ಅವನು ಓಣಿಯಲ್ಲಿ ನಿಂತು ನಿನ್ನನ್ನು ಕೂಗುತ್ತಿದ್ದ. ಹೆಗಲ ಮೇಲೆ ಮಗಳಿಗಾಗಿ ತಾನೇ ನೇಯ್ದ ಸಣ್ಣ ಕಂಬಳಿ. ನನ್ನ ಸಾಲಿಯಲ್ಲೇ ನಿನ್ನ ಪಕ್ಕದಲ್ಲಿ ಕೂತು ಓದಿದ ಹುಡುಗ, ಅವನ ಕೈಬರಹ ನಿನ್ನದಕ್ಕಿಂತ ದುಂಡಾಗಿತ್ತು. ನೀನು ಹೊಸ್ತಿಲು ದಾಟುವಾಗ ನಾನು ಪಂಚಾಂಗ ಕೈಯಲ್ಲಿ ಹಿಡಿದು ಬಂದು, "ಈಗ ಹೋಗಬ್ಯಾಡ. ವ್ಯಾಳ್ಯಾ ಛಲೋ ಇಲ್ಲ. ಮಧ್ಯಾಹ್ನದ ಮ್ಯಾಲ ಹೋಗು" ಎಂದೆ. ನೀನು ಸಿಟ್ಟಿನಿಂದ ಚೀಲ ಕೆಳಗಿಟ್ಟೆ, ಆದರೆ ನನ್ನ ಮಾತು ಮೀರಲಿಲ್ಲ. ಮಾಲಿಂಗಪ್ಪ ಹೊರಗಿನಿಂದಲೇ ಕೇಳಿದ, "ಮಾಸ್ತರ್ರ, ಮತ್ತ ನಾ ಹೋಗ್ಲೇನ್ರಿ?" ನಾನು ಹೇಳಿದೆ, "ನೀ ಹೋಗಪಾ, ಕೂಸಿನ ಮಾರಿ ನೋಡಿ ಬಾ." ಅವನು ನಗುತ್ತ ಹೋದ.

ಈಗ ಒಳಗಿನ ಮಗ್ಗುಲು ಹೇಳುತ್ತೇನೆ. ನಾನು ಪಂಚಾಂಗ ನೋಡಿರಲಿಲ್ಲ. ಕೈಯಲ್ಲಿ ಹಿಡಿದಿದ್ದೆ, ತೆರೆದಿರಲಿಲ್ಲ. ಅಂದು ಯಾವ ತಿಥಿ, ಯಾವ ನಕ್ಷತ್ರ ಎಂದು ಕೇಳಿದ್ದರೆ ಕೂಡ ತಕ್ಷಣ ಹೇಳಲು ಬರುತ್ತಿರಲಿಲ್ಲ. ಮಠದಲ್ಲಿ ನಾಲ್ಕು ಮಂದಿಯ ಮುಂದೆ ನನ್ನ ಮಾತನ್ನು ಮುರಿದ ಮಗ, ಮನೆಯಲ್ಲಾದರೂ ನನ್ನ ಮಾತಿಗೆ ನಿಲ್ಲಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಸೊಕ್ಕು, ಸೋಮಪ್ಪಾ. ಬೇರೆ ಹೆಸರಿಲ್ಲ ಅದಕ್ಕೆ. ಶರಣರ ಮಾತನ್ನು ಬಾಯಲ್ಲಿಟ್ಟುಕೊಂಡು ಪಂಚಾಂಗವನ್ನು ಕಂಕುಳಲ್ಲಿಟ್ಟುಕೊಂಡವನು ನಾನು, ಅಂದು ಆ ಪಂಚಾಂಗವನ್ನೂ ಬೆತ್ತದ ಹಾಗೆ ಹಿಡಿದಿದ್ದೆ. ಮಾಲಿಂಗಪ್ಪನ ಮೇಲೆ ನನಗೆ ಸಿಟ್ಟಿರಲಿಲ್ಲ, ಆದ್ದರಿಂದ ಅವನಿಗೆ ಹೋಗು ಎಂದೆ. ಅಷ್ಟೇ ವಿಷಯ.

ಹನ್ನೊಂದು ಗಂಟೆಯ ಸುಮಾರಿಗೆ ಸುದ್ದಿ ಬಂತು. ನಡುಹೊಳೆಯಲ್ಲಿ ಹರಗೋಲು ಮಗುಚಿತು, ಏಳು ಜನರಲ್ಲಿ ನಾಲ್ವರು ಈಸಿ ದಡ ಮುಟ್ಟಿದರು, ಅಂಬಿಗ ಕೇದಾರಿ, ಮೇಲವಂಕಿಯ ಒಬ್ಬ ಮುದುಕಿ, ಮಾಲಿಂಗಪ್ಪ ಮೂವರೂ ಹೋದರು. ನೀನು ಕೂಗುತ್ತ ಹೊಳೆಯ ಕಡೆ ಓಡಿದೆ. ನಾನು ಅಂಗಳದಲ್ಲೇ ಕೂತುಬಿಟ್ಟೆ. ಆಗ ನನ್ನೊಳಗೆ ಮೊದಲು ಹುಟ್ಟಿದ್ದು ದುಃಖವಲ್ಲ. ನನ್ನ ಮಗ ಉಳಿದ ಎಂಬ ಸಂತೋಷ. ಹುಡುಗನ ಹೆಣ ಇನ್ನೂ ಸಿಕ್ಕಿರಲಿಲ್ಲ, ಅವನ ತಾಯಿ ಲಗಮವ್ವ ಓಣಿಯ ತುದಿಯಲ್ಲಿ ಎದೆ ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು, ನಾನು ಒಳಗೊಳಗೆ ಕೈಮುಗಿದು ಕೂತಿದ್ದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ಪರಪ್ಪ ಬಂದ. ನಾನು ನಿನ್ನನ್ನು ತಡೆದದ್ದನ್ನು ಓಣಿಯವರಿಂದ ಕೇಳಿಕೊಂಡೇ ಬಂದಿದ್ದ. ನನ್ನ ಕಾಲಿಗೆ ಬಿದ್ದು, "ಮಾಸ್ತರ್ರ, ನಿಮಗ ಮೊದಲ ಗೊತ್ತಿತ್ತು! ನಿಮ್ಮ ವಿದ್ಯಾ ದೊಡ್ಡದು" ಎಂದ. ಇಲ್ಲ ಪರಪ್ಪಾ, ನನಗೇನೂ ಗೊತ್ತಿರಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಒಂದು ಉಸಿರು. ನಾನು ಸುಮ್ಮನಿದ್ದೆ. ಮೊದಲು ಎದೆ ಕಲಕಿದ್ದರಿಂದ ಸುಮ್ಮನಿದ್ದೆ, ಆಮೇಲೆ ಸುಮ್ಮನಿರುವುದು ರುಚಿಸಿತು. ಹದಿನೈದು ದಿನದಲ್ಲಿ ಅದು ಊರಿನ ಮಾತಾಯಿತು. ಹುಕ್ಕೇರಿ, ಕೊಣ್ಣೂರ ಕಡೆಯಿಂದ ಜನ ಲಗ್ನದ ವೇಳೆ, ಬಿತ್ತುವ ವೇಳೆ ಕೇಳಲು ಬಂದರು. ಶ್ರಾವಣದಲ್ಲಿ ಪುರಾಣ ಕೇಳಲು ಮಠದ ಅಂಗಳ ಸಾಲದಾಯಿತು. ಪರಪ್ಪ ಎಲ್ಲರೆದುರು ನನಗೆ ಶಾಲು ಹೊದಿಸಿದ. ನೀನು ಆ ದಿನ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದೆ. ಆ ನೋಟ ಶಾಲಿಗಿಂತ ಭಾರವಾಗಿತ್ತು.

ಮರುದಿನ ಬಾವಿಯ ಹತ್ತಿರ ನೀನು ಕೇಳಿದೆ. "ಅಪ್ಪಾ, ನಿಮಗ ಗೊತ್ತಿತ್ತಂದ್ರ ಮಾಲಿಂಗನ್ನ ಯಾಕ ತಡೀಲಿಲ್ಲ? ಅಂವ ಹತ್ತ ಹೆಜ್ಜಿ ಮ್ಯಾಲ ನಿಂತಿದ್ದ. ಕೇಳಿದ. ನೀವು ಹೋಗು ಅಂದ್ರಿ." ಅಂದೇ ನಾನು ಖರೆ ಹೇಳಬಹುದಾಗಿತ್ತು. ಆದರೆ ಹೇಳಿದ್ದರೆ ಶಾಲು ಹೋಗುತ್ತಿತ್ತು, ಮಠದ ಗಾದಿ ಹೋಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಮುಂದೆ ನಾನು ಸಣ್ಣವನಾಗುತ್ತಿದ್ದೆ. ಅದಕ್ಕೆ, ಗ್ರಂಥ ಓದುವ ದನಿಯಲ್ಲಿ, "ಅವರವರ ಹಣೇಬರಹ ಅವರವರಿಗೆ. ನಾವು ನಡಕ ಕೈ ಹಾಕಬಾರದು" ಎಂದೆ. ನೀನು ಕೊಡ ಅಲ್ಲಿಯೇ ಬಿಟ್ಟು ಒಳಗೆ ಹೋದೆ. ವಾರದೊಳಗೆ ಘೋಡಗೇರಿಯ ಸಾಲಿಗೆ ಹೊರಟುಹೋದೆ. ನಿನ್ನ ಕಣ್ಣಿಗೆ ನಾನು ಗೊತ್ತಿದ್ದೂ ಗೆಳೆಯನನ್ನು ಸಾವಿಗೆ ಕಳಿಸಿದ ತಂದೆ. ಏನೂ ಗೊತ್ತಿಲ್ಲದ ತಂದೆ ಎನಿಸಿಕೊಳ್ಳುವುದಕ್ಕಿಂತ ಅದೇ ಮೇಲೆಂದು ನನಗೆ ಅನ್ನಿಸಿತಲ್ಲ, ನನ್ನ ಬುದ್ಧಿ ಎಲ್ಲಿಯವರೆಗೆ ಹೋಗಿತ್ತು ನೋಡು.

ಇನ್ನು ಈ ವರ್ಷದ ಮಾತು. ಶ್ರಾವಣದ ಎರಡನೆಯ ದಿನ ಪುರಾಣ ಮುಗಿದು ಜನ ಏಳುತ್ತಿದ್ದರು. ಹೆಂಗಸರ ಕಡೆಯಿಂದ ಲಗಮವ್ವ ಬಂದಳು. ಮಗ ಹೋದಂದಿನಿಂದ ಆಕೆ ಮಠದ ಮೆಟ್ಟಿಲು ಹತ್ತಿರಲಿಲ್ಲ. ಬಗಲಲ್ಲಿ ಮೊಮ್ಮಗಳು ಅಕ್ಕವ್ವ, ಹಿಂದೆ ಸೊಸೆ ಬಾಳವ್ವ. ಆಕೆ ಬಯ್ಯಲು ಬಂದಳೆಂದೇ ನಾನು ತಿಳಿದೆ. ನಿಜವಾಗಿ ಹೇಳಿದರೆ, ಬಯ್ದರೆ ಸಾಕು ಎಂದು ಬಯಸಿದೆ. ಆಕೆ ಕೂಸನ್ನು ನನ್ನ ಮುಂದೆ ಕೂಡಿಸಿ ಹೀಗೆಂದಳು: "ಮಾಸ್ತರ್ರ, ಪಂಚಮಿಗೆ ಸೊಸೀನ ತವರಿಗೆ ಕಳಸಬೇಕು. ಹೊಳಿ ದಾಟಬೇಕು. ಪಂಚಾಂಗ ನೋಡಿ ವ್ಯಾಳ್ಯಾ ಹೇಳ್ರಿ. ಹಿಂದಕ ನಾವು ನಿಮ್ಮನ್ನ ಕೇಳಲಿಲ್ಲ. ಅದ ನನ್ನ ತಪ್ಪು. ಬಡವರ ಕೂಸಿನ ನಾಮಕರಣಕ್ಕ ಏನ ವ್ಯಾಳ್ಯಾ ಕೇಳೂದು ಅಂತ ನಾಚಿಕೊಂಡೆ. ಕೇಳಿದ್ರ ನಿಮ್ಮ ಮಗನ್ನ ಉಳಿಸಿಕೊಂಡಂಗ ನನ್ನ ಮಗನ್ನೂ ಉಳಿಸ್ತಿದ್ರಿ."

ಸೋಮಪ್ಪಾ, ಒಂದು ವರ್ಷದಿಂದ ಆ ತಾಯಿ ಮಗನನ್ನು ತಾನೇ ಕೊಂದೆ ಎಂದು ತಿಳಿದು ಉಂಡಿದ್ದಾಳೆ, ಮಲಗಿದ್ದಾಳೆ, ಎದ್ದಿದ್ದಾಳೆ. ನನ್ನ ಮೌನ ಊರೆಲ್ಲ ತಿರುಗಿ ಆಕೆಯ ಮನೆಗೆ ಹೋಗಿ ಹೀಗೆ ಕೂತಿತ್ತು. ನಾನು ಪಂಚಾಂಗ ತೆರೆದೆ. ಅಕ್ಷರ ಕಾಣಲಿಲ್ಲ. ನಾಳೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ.

ಮರುದಿನ ಬೆಳಿಗ್ಗೆ ನಾನೇ ಆಕೆಯ ಮನೆಗೆ ಹೋದೆ. ಆಕೆ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಒಳಗೆ ಮಾಲಿಂಗಪ್ಪನ ಮಗ್ಗ ಖಾಲಿ ನಿಂತಿತ್ತು. ನನ್ನನ್ನು ಕಂಡು ಗಡಬಡಿಸಿ ಎದ್ದು ಕಂಬಳಿ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಮಠದಲ್ಲಿ ನೀನು ಆಡಿದ ಮಾತು, ನನ್ನ ಸಿಟ್ಟು, ತೆರೆಯದ ಪಂಚಾಂಗ. ಆಕೆಯ ಮಗ ನನ್ನನ್ನು ಕೇಳಿದ, ನಾನೇ ಹೋಗು ಎಂದೆ, ಎಂಬುದನ್ನೂ ಹೇಳಿದೆ. ಅದನ್ನು ಎರಡು ಸಲ ಹೇಳಬೇಕಾಯಿತು. ಆಕೆ ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ, "ಕೂಸಿನ ಮಾರಿ ನೋಡಿ ಬಾ ಅಂದ್ರಿ. ಯಾರಿದ್ರೂ ಹಂಗ ಅಂತಿದ್ರು. ನಾನೂ ಅಂದ ಕಳಿಸಿದ್ದೆ" ಎಂದಳು. ಮತ್ತೆ ನನ್ನ ಮುಖ ನೋಡಿ ಕೇಳಿದಳು, "ಹಂಗಾದ್ರ ನಂದೇನೂ ತಪ್ಪಿಲ್ಲ ಅನ್ರಿ?" ಇಲ್ಲವ್ವಾ, ನಿನ್ನದೇನೂ ಇಲ್ಲ, ಎಂದೆ. ಆಗ ಆಕೆ ಅತ್ತಳು. ಮಗ ಸತ್ತ ದಿನದ ಅಳುವಲ್ಲ ಅದು. ಹೊತ್ತದ್ದನ್ನು ಕೆಳಗಿಟ್ಟವರು ಅಳುವ ಅಳು. ಬಾಳವ್ವ ಒಳಗಿನಿಂದ ಬಂದು ಅತ್ತೆಯ ಬೆನ್ನಿಗೆ ಕೈಯಿಟ್ಟು ನಿಂತಳು.

ಕಣ್ಣೊರೆಸಿಕೊಂಡು ಲಗಮವ್ವ ಕೇಳಿದ ಮಾತು ನನ್ನನ್ನು ಇನ್ನೊಂದು ಸಲ ನೆಲಕ್ಕೆ ಕೂಡಿಸಿತು. "ಇದನ್ನ ಸೋಮಪ್ಪಗ ಹೇಳೀರೇನು?" ಇಲ್ಲ ಎಂದೆ. "ಅಂವ ಎರಡ ಮೂರ ತಿಂಗಳಿಗೊಮ್ಮೆ ಇಲ್ಲಿಗೆ ಬರ್ತಾನ್ರಿ. ಹೊಲದ ದಾರಿ ಹಿಡಿದ ಬರ್ತಾನ. ಕಟಿಗಿ ಒಡೀತಾನ, ಕೂಸನ್ನ ಆಡಸ್ತಾನ. ಹೋಗೂ ಮುಂದ ನನ್ನ ಕಾಲ ಹಿಡದ ಅಳ್ತಾನ, ಯಾಕ ಅಂದ್ರ ಹೇಳೂದಿಲ್ಲ. ನಿಮ್ಮ ಮನೀಗಿ ಹೋಗಪಾ ಅಂದ್ರ ಒಲ್ಲೆ ಅಂತಾನ. ಯಾಕಂತ ಈಗ ತಿಳೀತು" ಎಂದಳು. ನೀನು ಈ ಊರಿಗೆ ಬಂದು, ನಿನ್ನ ಮನೆಯ ಮಾಳಿಗೆ ಕಾಣುವಷ್ಟು ಹತ್ತಿರ ನಿಂತು, ತಿರುಗಿ ಹೋಗುತ್ತೀ ಎಂದು ನನಗೆ ಗೊತ್ತಾದದ್ದು ಹಾಗೆ. ನನಗೆ ನೋವಾಯಿತು. ಆದರೆ, ಖರೆ ಹೇಳಲಾ, ಹೆಮ್ಮೆಯೂ ಆಯಿತು. ನಾನು ಒಂದು ವರ್ಷ ಪುರಾಣ ಹೇಳಿದೆ, ನೀನು ಆ ಮನೆಯ ಕಟ್ಟಿಗೆ ಒಡೆದೆ. ನೀನೇ ಅವನಿಗೆ ಹೇಳಿಬಿಡು ಎಂದು ಲಗಮವ್ವನನ್ನು ಬೇಡಿಕೊಂಡೆ. "ನಾ ಹೇಳಾಂಗಿಲ್ರಿ. ತಂದಿ ಬಾಯಿಂದ ಬರಬೇಕಾದ ಮಾತು ಅದು" ಎಂದು ಖಡಾಖಂಡಿತ ಹೇಳಿದಳು. ಅಂದಿನಿಂದ ನನ್ನನ್ನು ದಾರಿಯಲ್ಲಿ ಕಂಡಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ, "ಬರದ್ರೇನ್ರಿ?"

ಮತ್ತೆ ಹೊಳೆ ದಾಟುವ ಮಾತು ಉಳಿದಿತ್ತಲ್ಲ. ನನಗೆ ಗೊತ್ತಿಲ್ಲವ್ವಾ, ಗೊತ್ತಿದ್ದವರನ್ನು ಕೇಳೋಣ, ಎಂದು ನಾನೇ ಹೊಳೆಯ ದಂಡೆಗೆ ಹೋದೆ. ಸತ್ತ ಕೇದಾರಿಯ ತಮ್ಮ ಉದ್ದಪ್ಪ ಈಗ ಹರಗೋಲು ನಡೆಸುತ್ತಾನೆ. ಅವನು ಒಂದು ಕಡ್ಡಿ ನೀರಿಗೆ ಎಸೆದು ಅದು ಹೋಗುವ ದಾರಿ ನೋಡಿದ. "ನೀರು ಇನ್ನ ಕೆಂಪೈತ್ರಿ, ನೊರಿ ಹೊತಗೊಂಡ ಹೊಂಟೈತಿ. ಮ್ಯಾಲ ಎಲ್ಲ್ಯೋ ಮಳಿ ಆಗೇತಿ. ಎರಡ ದಿನ ತಡೀರಿ" ಎಂದ. ಎರಡು ದಿನದ ಮೇಲೆ ಭಯವಿಲ್ಲವೇ, ಎಂದು ಕೇಳಿದೆ. ಅವನು ನನ್ನನ್ನು ಸಾಲಿಯ ಹುಡುಗನನ್ನು ನೋಡುವ ಹಾಗೆ ನೋಡಿದ. "ಭಯ ಇಲ್ಲ ಅಂತ ಹೊಳಿ ಮ್ಯಾಲ ಹುಟ್ಟ ಹಾಕಾಂವ ಯಾರೂ ಹೇಳೂದಿಲ್ರಿ. ನಮ್ಮಣ್ಣಗ ನನಕಿಂತ ಜಾಸ್ತಿ ನೀರು ತಿಳೀತಿತ್ತು." ಅಷ್ಟು ಹೇಳಿ ತನ್ನ ಕೆಲಸಕ್ಕೆ ಹೋದ. ನಲವತ್ತು ವರ್ಷ ಗ್ರಂಥ ಓದಿದ ನನಗೆ ಬಾರದ ಮಾತು ಅವನಿಗೆ ಎಷ್ಟು ಸಲೀಸಾಗಿ ಬಂತು.

ಎರಡು ದಿನದ ಮೇಲೆ ಅವರನ್ನು ದಾಟಿಸಲು ನಾನೂ ಜೊತೆಗೆ ಹೋದೆ. ನಡುಹೊಳೆಯಲ್ಲಿ ಹರಗೋಲು ಗರಗರ ತಿರುಗಿತು. ಲಗಮವ್ವ ಕಣ್ಣು ಮುಚ್ಚಿದಳು. ನಾನು ಹರಗೋಲಿನ ಅಂಚು ಹಿಡಿದುಕೊಂಡೆ, ಒಂದು ಮಂತ್ರವೂ ನೆನಪಾಗಲಿಲ್ಲ. ಕೂಸು ಅಕ್ಕವ್ವ ಮಾತ್ರ ನೀರಿಗೆ ಕೈ ಚಾಚಿ ಕೇಕೆ ಹಾಕಿ ನಗುತ್ತಿತ್ತು, ಅದರ ತಂದೆಯನ್ನು ನುಂಗಿದ ನೀರಿಗೆ. ಆಚೆ ದಡ ಮುಟ್ಟಿದೆವು. ಬಾಳವ್ವನ ತಂದೆ ಬಂದು ಮೊಮ್ಮಗಳನ್ನು ಎತ್ತಿಕೊಂಡ. ನಾನು ದಂಡೆಯ ಮೇಲೆ ಕೂತು ನೀರು ನೋಡಿದೆ. ನಾವು ದಾಟಿದೆವು. ಯಾಕೆ ದಾಟಿದೆವು ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಶ್ರಾವಣದ ಕಡೆಯ ಸೋಮವಾರ ಮಠ ತುಂಬಿತ್ತು. ಪುರಾಣ ಆರಂಭಿಸುವ ಮೊದಲೇ ನಾನು ಎದ್ದು ಎಲ್ಲವನ್ನೂ ಹೇಳಿದೆ. ಜನ ಬಯ್ಯುತ್ತಾರೆ, ಗಾದಿಯಿಂದ ಇಳಿಸುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆದದ್ದೇನು ಗೊತ್ತೇ? ಯಾರೂ ನಂಬಲಿಲ್ಲ! ಪರಪ್ಪ ಕೈಮುಗಿದು ಎದ್ದು, "ದೊಡ್ಡವರು ತಮ್ಮ ದೊಡ್ಡಸ್ತಿಕಿ ಒಪ್ಪಿಕೊಳ್ಳೂದಿಲ್ಲ. ಮಾಸ್ತರ್ರಿಗೆ ಗೊತ್ತಿರಲಿಲ್ಲ ಅಂದ್ರ ಶಿವನ ಅವರ ಬಾಯಾಗ ಕುಂತ ನುಡಿದಾನ" ಎಂದ. ಜನ ತಲೆದೂಗಿದರು. ಒಬ್ಬ ಮುದುಕ ಕಾಲಿಗೆ ಬೀಳಲು ಬಂದ. ಸುಳ್ಳನ್ನು ಕಟ್ಟುವುದಕ್ಕೆ ನನ್ನ ಒಂದು ಮೌನ ಸಾಕಾಗಿತ್ತು, ಕೆಡವಲು ಅರ್ಧ ತಾಸಿನ ಮಾತೂ ಸಾಲಲಿಲ್ಲ. ಆಗ ಹೆಂಗಸರ ಕಡೆಯಿಂದ ಲಗಮವ್ವ ಎದ್ದಳು. ಆಕೆ ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. "ಪರಪ್ಪಣ್ಣಾ, ಶಿವಾ ಇವರ ಬಾಯಾಗ ಕುಂತ ಸೋಮಪ್ಪನ್ನ ಇರು ಅಂದ್ನಂತೀ. ಅದ ಬಾಯಿ ನನ್ನ ಮಗಗ ಹೋಗು ಅಂತು. ಅದನ್ನ ನುಡಿದಾಂವ ಯಾರು?" ಎಂದಳು. ಪರಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಕೂತ. "ಮಾಸ್ತರ್ರು ಖರೇ ಹೇಳಾಕತ್ತಾರ. ನಿಮಗ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ರಿ, ಅಷ್ಟ ಸಾಕು" ಎಂದು ಆಕೆ ಕೂತಳು.

ಆ ಮೇಲೆ ವೇಳೆ ಕೇಳಲು ಬರುವವರು ಕಡಿಮೆಯಾದರು. ಪರಪ್ಪ ಮಾತು ಬಿಟ್ಟಿದ್ದಾನೆ. ಶಾಲನ್ನು ನಾನೇ ಮಠಕ್ಕೆ ಹಿಂದಕ್ಕೆ ಕೊಟ್ಟೆ. ಪುರಾಣ ಮಾತ್ರ ಬಿಡಬೇಡಿರೆಂದು ಸ್ವಾಮಿಗಳು ಹೇಳಿದರು. ಹತ್ತಿಪ್ಪತ್ತು ಜನ ಬರುತ್ತಾರೆ, ಅವರಲ್ಲಿ ಲಗಮವ್ವ ಒಬ್ಬಳು. ಕುರಿ ಕಾಯುವವನ ಆ ಕಥೆಯನ್ನು ಮೊನ್ನೆ ಮತ್ತೆ ಓದಿದೆ, ಅಂಚಿನಲ್ಲಿ ನಾನೇ ಬರೆದ ಟಿಪ್ಪಣಿಗಳನ್ನು ಬಿಟ್ಟು ಬರೀ ಗ್ರಂಥ ಓದಿದೆ. ದಾರಿ ತಪ್ಪಿದ ಶರಣ ನಡೆಯುತ್ತ ನಡೆಯುತ್ತ ಮೂರು ಸಲ ಕೇಳುತ್ತಾನೆ, ಎಲ್ಲಿಗೆ ಕರೆದೊಯ್ಯುತ್ತೀ, ಯಾಕೆ ಈ ಮುಳ್ಳಿನ ದಾರಿ, ನನ್ನ ಜೊತೆಯವರು ಏನಾದರು ಎಂದು. ಕುರಿ ಕಾಯುವವನು ಮೂರು ಸಲವೂ ಉತ್ತರ ಹೇಳುವುದಿಲ್ಲ. ಕೈ ಬಿಡುವುದೂ ಇಲ್ಲ. ಅಷ್ಟೇ ಅಲ್ಲಿರುವುದು. ಆ ಮೂರು ಪ್ರಶ್ನೆಗೆ ನಲವತ್ತು ವರ್ಷ ಉತ್ತರ ಹೇಳುತ್ತ ಬಂದವನು ನಾನು. ನೀನು ಅಂದು ಸಭೆಯಲ್ಲಿ ಹೇಳಿದ್ದು ಅದನ್ನೇ, ಗ್ರಂಥದಲ್ಲಿ ಅಷ್ಟೇ ಇದೆ, ಉಳಿದದ್ದು ನೀವು ಸೇರಿಸಿದ್ದು ಎಂದು. ಮಗನಿಂದ ಪಾಠ ಕಲಿತೆ ಎಂದು ಬರೆಯಲು ಈಗ ನಾಚಿಕೆಯಿಲ್ಲ.

ಶಿವ ನನ್ನ ಸೊಕ್ಕನ್ನೇ ಹಗ್ಗ ಮಾಡಿ ನಿನ್ನನ್ನು ಹೊಸ್ತಿಲಲ್ಲಿ ಕಟ್ಟಿದನೇ? ಹೌದು ಎಂದರೆ ಲಗಮವ್ವನ ಬಾಗಿಲಲ್ಲಿ ನಿಂತು ಅದನ್ನು ಹೇಳಲಾರೆ. ಅಲ್ಲ ಎಂದರೆ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ನಿನ್ನ ಸಲುವಾಗಿ ಯಾರಿಗೆ ಕೈಮುಗಿಯಲಿ? ಇದರ ತುದಿ ನನಗೆ ಸಿಕ್ಕಿಲ್ಲ. ಈಗ ದಿನಾಲು ಕೈಮುಗಿಯುತ್ತೇನೆ, ಯಾಕೆಂದು ಯಾರಿಗೂ ವಿವರಿಸುವುದಿಲ್ಲ. ಮಾಲಿಂಗಪ್ಪನ ಹೆಸರು ಹೇಳಿ ಒಂದು ಬಿಲ್ವಪತ್ರೆ ಏರಿಸುತ್ತೇನೆ, ಅದರಿಂದ ಏನಾಗುತ್ತದೆ ಎಂದೂ ಗೊತ್ತಿಲ್ಲ.

ನಿನಗೆ ಹೇಳಬೇಕಾದ ಮಾತು ಒಂದೇ. ನನಗೆ ಗೊತ್ತಿರಲಿಲ್ಲ, ಸೋಮಪ್ಪಾ. ಗೊತ್ತಿದ್ದರೆ ಆ ಹುಡುಗನ ಕಾಲು ಹಿಡಿದು ನಿಲ್ಲಿಸುತ್ತಿದ್ದೆ. ಗೊತ್ತಿತ್ತು ಎಂದು ನಿನ್ನನ್ನು ನಂಬಗೊಟ್ಟದ್ದು ನನ್ನ ಪಾಪ. ಗೆಳೆಯನ ಸಾವಿನ ಪಾಲು ಅಂತ ನೀನು ಹೊತ್ತುಕೊಂಡು ತಿರುಗುತ್ತಿರುವುದು ನಿನ್ನದಲ್ಲ, ಅದನ್ನು ಇಳಿಸು. ನನ್ನನ್ನು ಕ್ಷಮಿಸುವುದು ಆಮೇಲಿನ ಮಾತು. ಸಾಧ್ಯವಾದರೆ ಆಗಲಿ, ಇಲ್ಲದಿದ್ದರೆ ಅದಕ್ಕೂ ನಾನು ತಕ್ಕವನೇ.

ಥಂಡಿಯಲ್ಲಿ ಕಿವಿಗೆ ವಸ್ತ್ರ ಕಟ್ಟಿಕೊಂಡು ಹೊರಗೆ ಹೋಗು. ಇಂದ್ರವ್ವ ನಿನಗೆ ನಮಸ್ಕಾರ ಹೇಳಿದ್ದಾಳೆ, ಕರುವಿನ ಹೆಸರು ನೀನೇ ಇಡಬೇಕಂತೆ. ನಿನ್ನ ಸಾಲಿಯ ಮಕ್ಕಳಿಗೂ ನನ್ನ ಆಶೀರ್ವಾದ. ನೂರು ವರ್ಷ ಬಾಳು.

ನಿನ್ನ ತಂದೆ,
ಗುರುಲಿಂಗಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ತಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಿನಗೆ ತಿಳಿಸಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಆಣೆ ಮುರಿದು ಬರೆಯುತ್ತಿದ್ದೇನೆ. ಹತ್ತಿರ ಬಂದರೆ ಮುಖ ಇನ್ನೂ ಗುರುತು ಸಿಗುತ್ತದೆ, ಬೇಸಿಗೆಯವರೆಗೆ ಸಿಗುತ್ತದೋ ಇಲ್ಲವೋ. ನೀನು ಊರಿಗೆ ಬರುವುದು ಆಕೆಗೆ ಗೊತ್ತಿಲ್ಲ. ಮುಂದಿನ ಸಲ ಬರುವ ದಿನವನ್ನು ಲಗಮವ್ವನಿಗೆ ಮೊದಲೇ ಹೇಳಿ ಕಳಿಸು. ಹಿಂದಿನ ದಿನವೇ ನಾನು ಕೊಣ್ಣೂರಿನ ನನ್ನ ಅಕ್ಕನ ಮನೆಗೆ ಹೋಗಿಬಿಡುತ್ತೇನೆ, ನೀನು ಹೋದ ಮೇಲೆಯೇ ಬರುತ್ತೇನೆ. ಹೆದರದೆ ಬಂದು ತಾಯಿಯ ಮುಂದೆ ಕೂತು ಉಂಡು ಹೋಗು. ಇರು ಎಂದು ನೀನೇ ಬರೆದರೆ ಮಾತ್ರ ನಾನು ಮನೆಯಲ್ಲಿರುತ್ತೇನೆ.